ಅಕ್ಕನ ಹಿಮ್ಮಡಿ

ಇಪ್ಪತ್ತು ವರ್ಷದಿಂದ ನಾನು ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆ ಸ್ಟೀರಿಂಗ್ ಇರುವುದಿಲ್ಲ, ಆದರೆ ಒಂದು ಬ್ರೇಕು ಇರುತ್ತದೆ. ಕಲಿಯುವವರು ಎಡವಟ್ಟು ಮಾಡುವ ಹೊತ್ತಿಗೆ ಸರಿಯಾಗಿ ನಾನು ಅದನ್ನು ಮೆಲ್ಲಗೆ ಒತ್ತುತ್ತೇನೆ. ಕಾರು ನಿಲ್ಲುತ್ತದೆ. ತಾವೇ ನಿಲ್ಲಿಸಿದೆವು ಅಂದುಕೊಂಡು ಅವರು ಬೀಗುತ್ತಾರೆ. ಲೈಸೆನ್ಸ್ ಕೈಗೆ ಬಂದ ಮೇಲೆ ನನ್ನ ಬ್ರೇಕನ್ನು ಯಾರೂ ನೆನೆಯುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅದಕ್ಕೆ ನನಗೆ ಬೇಜಾರೂ ಇಲ್ಲ, ಕಸುಬೇ ಹಾಗೆ. ಈ ಇಪ್ಪತ್ತು ವರ್ಷದಲ್ಲಿ ನನ್ನ ಕಾರು ಯಾವುದಕ್ಕೂ ತಾಗಿದ್ದಿಲ್ಲ. ಆ ಮಂಗಳವಾರ ತಾಗಿತು.

ಹಲ್ಲಿನ ಡಾಕ್ಟರೊಬ್ಬರಿಗೆ ಗಾಡಿ ಹಿಂದಕ್ಕೆ ತೆಗೆಯುವುದನ್ನು ಹೇಳಿಕೊಡುತ್ತಿದ್ದೆ. ಹಿಂದೆ ಅಂಚೆ ಕಚೇರಿಯ ಕಾಂಪೌಂಡು ಗೋಡೆ. "ನಿಧಾನ, ನಿಧಾನ, ಕನ್ನಡಿ ನೋಡಿ" ಎನ್ನುತ್ತ ನಾನೂ ಕನ್ನಡಿ ನೋಡಿದೆ. ಕನ್ನಡಿಯಲ್ಲಿ ನಮ್ಮ ಅಕ್ಕ ಬಾಯಿ ತೆರೆದುಕೊಂಡು ನನ್ನ ಕಡೆಗೇ ಬರುತ್ತಿದ್ದಳು. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿದ್ದಳು, ಅಷ್ಟೆ. ಒಂದು ಪಕ್ಕ ಬೋಳಿಸಿದ ಬಿಳಿ ಕೂದಲು, ಅದೇ ಹಳೆಯ ಕಪ್ಪು ಜಾಕೆಟ್ಟು, ಅವಳ ಹಿಂದೆ ಕೈಕಟ್ಟಿ ನಿಂತ ನಾಲ್ಕು ಮಕ್ಕಳು. ಕತ್ತು ತಿರುಗಿಸಿ ಓದಿದೆ. 'ಕರ್ಕಶಿ ಮತ್ತು ಹೊಸ ಚಪ್ಪಲಿಗಳು. ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ.' ಓದಿ ಮುಗಿಸುವಷ್ಟರಲ್ಲಿ ಧಡ್ ಎಂದಿತು.

"ಮೇಷ್ಟ್ರೇ, ನೀವು ಬ್ರೇಕ್ ಹಾಕ್ತೀರ ಅಂದ್ಕೊಂಡೆ" ಎಂದರು ಡಾಕ್ಟರು.

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದೆ.

ಇಳಿದು ನೋಡಿದರೆ ಹಿಂದಿನ ಬಂಪರು ಅಕ್ಕನ ಗಲ್ಲಕ್ಕೆ ಒತ್ತಿಕೊಂಡಿತ್ತು. ಅವಳಿಗೇನೂ ಆಗಿರಲಿಲ್ಲ. ಬಂಪರು ಒಳಕ್ಕೆ ಹೋಗಿತ್ತು.

ಕರ್ಕಶಿ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಮೂರು ವರ್ಷ ದೊಡ್ಡವಳು. ಆ ಹೆಸರನ್ನು ಮೊದಲು ಬರೆದವನು ಒಬ್ಬ ಪತ್ರಿಕೆಯವನು, ಬೈಯುವುದಕ್ಕೆಂದು. ಅಕ್ಕ ಅದನ್ನು ಜಾಕೆಟ್ಟಿನ ಬೆನ್ನಿಗೆ ಕೆಂಪು ದಾರದಲ್ಲಿ ಹೊಲಿದುಕೊಂಡಳು. ಹಗಲು ಆಸ್ಪತ್ರೆಯಲ್ಲಿ ನರ್ಸು, ಸಂಜೆ ನಮ್ಮ ಬ್ಯಾಂಡಿನ ಹಾಡುಗಾರ್ತಿ. ಬ್ಯಾಂಡಿನ ಹೆಸರು 'ಹರಿದ ಚಪ್ಪಲಿ'. ಗಿಟಾರಿಗೆ ಉದ್ದಣ್ಣ, ಬೇಸ್ ಗಿಟಾರಿಗೆ ಮೌನಿ, ಡ್ರಮ್ಮಿಗೆ ನಾನು. ಸೇರಿದಾಗ ನನಗೆ ಹದಿನೇಳು. ನಾವು ಬಾರಿಸುತ್ತಿದ್ದ ಪಂಕ್ ಸಂಗೀತ ಅಂದರೆ ಏನಪ್ಪಾ ಅಂತ ನಮ್ಮ ಅತ್ತೆ ಒಮ್ಮೆ ಕೇಳಿದ್ದರು. ಮೂರು ಸ್ವರ, ಎರಡು ನಿಮಿಷ, ಒಂದು ಜಗಳ ಅಂದಿದ್ದೆ. ಇಪ್ಪತ್ತೊಂದು ವರ್ಷ ಆ ಜಗಳ ಆಡಿದೆವು. ಒಂದೇ ಒಂದು ರೆಕಾರ್ಡು ಮಾಡಿದೆವು, ಅದನ್ನು ಆಗ ಯಾರೂ ಕೊಳ್ಳಲಿಲ್ಲ. ಆಮೇಲೆ ಉದ್ದಣ್ಣ ತೀರಿಕೊಂಡ, ಮೌನಿ ದೂರದ ಊರಿನಲ್ಲಿ ಟೈಲ್ಸ್ ಅಂಗಡಿ ಇಟ್ಟ, ನಾನು ಕಾರಿನ ಪಕ್ಕದ ಸೀಟು ಹಿಡಿದೆ. ಈಗ ಎಲ್ಲಿಂದಲೋ ಆ ರೆಕಾರ್ಡು ಹುಡುಗ ಹುಡುಗಿಯರ ಕೈಗೆ ಸಿಕ್ಕಿ, ಎಲ್ಲರ ಫೋನಿನಲ್ಲೂ ಅಕ್ಕ ಕಿರುಚತೊಡಗಿದ್ದಳು. ಕೆಲಸದಿಂದ ನಿವೃತ್ತಿಯಾಗಿ ಮನೆಯಲ್ಲಿದ್ದವಳು ಮತ್ತೆ ಹಾಡಲು ಹೊರಟಿದ್ದಳು. ಅದೆಲ್ಲ ಸರಿ. ಆದರೆ ಬೆನ್ನ ಹಿಂದೆ ನಾಲ್ಕು ಮಕ್ಕಳನ್ನು ನಿಲ್ಲಿಸಿಕೊಂಡಿದ್ದಳು, ನನಗೆ ಒಂದು ಮಾತು ಹೇಳಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ, ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತ ಕೂತಿದ್ದಳು.

"ಹೊಟ್ಟೆಕಿಚ್ಚಾ?" ಎಂದಳು, ತಲೆ ಎತ್ತದೆ.

"ನನಗ್ಯಾಕೆ ಹೊಟ್ಟೆಕಿಚ್ಚು? ಆ ಮಕ್ಕಳಿಗೆ ಅಕ್ಕನ ಜೊತೆ ಬಾರ್ಸೋಕೆ ಬರುತ್ತಾ ಅಂತ ಯೋಚ್ನೆ, ಅಷ್ಟೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆ ಮೇಲೆ ಯಾಕ್ರೀ ಕೈ ಇಟ್ಕೊಂಡಿದ್ದೀರ?"

ಕೈ ತೆಗೆದೆ. ಅವಳ ಹತ್ತಿರ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅವಳಿಗೆ ಕಾರು ಕಲಿಸಿದವನೂ ನಾನೇ. ಇವತ್ತಿಗೂ ಅವಳು ಓಡಿಸುವಾಗ ನಾನು ಪಕ್ಕದಲ್ಲಿ ಕೂತು ಬ್ರೇಕು ಒತ್ತುತ್ತೇನೆಂದು ಜಗಳವಾಡುತ್ತಾಳೆ.

ಆದರೆ ನಾನು ಹೇಳಿದ ಯೋಚನೆಯೂ ಪೂರ್ತಿ ಸುಳ್ಳಲ್ಲ. ಅಕ್ಕನ ಜೊತೆ ಬಾರಿಸುವುದರಲ್ಲಿ ಒಂದು ಗುಟ್ಟಿತ್ತು. ಅದು ಪ್ರಪಂಚದಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮ ಕೊನೆಯ ಹಾಡು ಯಾವಾಗಲೂ 'ಕರೆಂಟ್ ಹೋಯ್ತು'. ಹಾಡು ಜೋರಾಗಿ ಓಡುತ್ತಿರುವಾಗ ನಡುವೆ ಎಲ್ಲವೂ ಒಮ್ಮೆಲೇ ನಿಲ್ಲುತ್ತದೆ, ನಿಜವಾಗಿಯೂ ಕರೆಂಟು ಹೋದ ಹಾಗೆ. ಸಭೆಯೆಲ್ಲ ಉಸಿರು ಹಿಡಿದು ನಿಲ್ಲುತ್ತದೆ. ಎಂಟು ಎಣಿಸಿದ ಮೇಲೆ ಅಕ್ಕನ ಕಿರುಚು, ಗಿಟಾರು, ಡ್ರಮ್ಮು, ಎಲ್ಲ ಒಟ್ಟಿಗೆ ಬಂದು ಅಪ್ಪಳಿಸಬೇಕು. ಬರೆದಿಟ್ಟದ್ದು ಎಂಟು. ಅಕ್ಕ ಮಾತ್ರ ಎಂಟಕ್ಕೆ ಬಂದ ಉದಾಹರಣೆಯೇ ಇಲ್ಲ. ಒಂದು ದಿನ ಹತ್ತಕ್ಕೆ ಬರುತ್ತಿದ್ದಳು, ಒಂದು ದಿನ ಹನ್ನೆರಡಕ್ಕೆ, ಒಮ್ಮೆ ಹದಿನೈದಕ್ಕೂ ಬಂದಿದ್ದಾಳೆ. ಮೊದಮೊದಲು ನಾವೊಂದು ಕಡೆ ಅವಳೊಂದು ಕಡೆ ಆಗಿ ಮಾನ ಹೋಗುತ್ತಿತ್ತು. ಆಮೇಲೆ ಒಂದು ದಿನ ನನಗೆ ಕಂಡಿತು. ಬರುವುದಕ್ಕೆ ಸ್ವಲ್ಪ ಮುಂಚೆ ಅಕ್ಕ ಗಲ್ಲವನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸುತ್ತಾಳೆ, ಎಡಗಾಲಿನ ಹಿಮ್ಮಡಿ ಮೇಲೇಳುತ್ತದೆ. ಹಿಮ್ಮಡಿ ಎದ್ದ ಮೇಲೆ ಒಂದು, ಎರಡು. ಮೂರನೆಯದಕ್ಕೆ ಅವಳ ಬಾಯಿ ತೆರೆಯುತ್ತದೆ. ಹಿಮ್ಮಡಿ ಎದ್ದ ತಕ್ಷಣ ನಾನು ಕೈ ಎತ್ತುತ್ತಿದ್ದೆ, ಉದ್ದಣ್ಣ ಮತ್ತು ಮೌನಿ ನನ್ನ ಕೈ ನೋಡಿಕೊಂಡು ಹಾಡಿನೊಳಕ್ಕೆ ಬೀಳುತ್ತಿದ್ದರು. ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಜನ ಅದನ್ನು ಮಾಯೆ ಅಂದರು. ನಾನು ಯಾರಿಗೂ ಹೇಳಲಿಲ್ಲ, ಅಕ್ಕನಿಗೂ ಸಹ. ಹೇಳಿ ಅವಳನ್ನು ಯಾಕೆ ಸಣ್ಣದು ಮಾಡುವುದು? ಪಾಪ, ಅಕ್ಕನಿಗೆ ಎಣಿಕೆ ಬರುವುದಿಲ್ಲ, ತಮ್ಮ ಇರುವುದರಿಂದ ಮರ್ಯಾದೆ ಉಳಿದಿದೆ, ಹೀಗಂದುಕೊಂಡು ಇಪ್ಪತ್ತೊಂದು ವರ್ಷ ಸುಖವಾಗಿದ್ದೆ.

ಹಾಗಾಗಿ ಗುರುವಾರ ಅಕ್ಕನ ಫೋನು ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ.

"ಲೋ, ನಾಳೆ ಮಧ್ಯಾಹ್ನ ಬಿಡುವಿದ್ಯಾ? ಪ್ರಾಕ್ಟೀಸಿಗೆ ಬಾ. ನಿನ್ನಿಂದ ಒಂದು ಕೆಲಸ ಆಗ್ಬೇಕು."

"ಏನು ಕೆಲಸ?"

"ಬಾ, ಹೇಳ್ತೀನಿ."

ಕೊನೆಗೆ ಹಳೇ ಗಂಡನ ಪಾದವೇ ಗತಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮಂಚದ ಕೆಳಗಿನ ಪೆಟ್ಟಿಗೆಯಿಂದ ನನ್ನ ಡ್ರಮ್ ಸ್ಟಿಕ್ಕುಗಳನ್ನು ತೆಗೆದೆ, ಒರೆಸಿದೆ, ದಿಂಬಿನ ಮೇಲೆ ಅರ್ಧ ಗಂಟೆ ಬಾರಿಸಿ ನೋಡಿದೆ. ಮಣಿಕಟ್ಟು ನೋಯಿತು. ಶುಕ್ರವಾರ ಇಬ್ಬರ ಪಾಠ ಮುಂದಕ್ಕೆ ಹಾಕಿ, ಸ್ಟಿಕ್ಕುಗಳನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟೆ. ಹೆಂಡತಿ ಬಾಗಿಲ ತನಕ ಬಂದು ಚೀಲ ನೋಡಿದಳು, ನನ್ನ ಮುಖ ನೋಡಿದಳು. "ಹುಷಾರು" ಎಂದಳು, ಅಷ್ಟೆ.

ಪ್ರಾಕ್ಟೀಸು ನಡೆಯುತ್ತಿದ್ದುದು ಟೈರ್ ಅಂಗಡಿಯೊಂದರ ಹಿಂದಿನ ಗೋಡೌನಿನಲ್ಲಿ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಹಳೆಯ ಹಾಸಿಗೆಗಳನ್ನು ಕಟ್ಟಿದ್ದರು. ರಬ್ಬರಿನ ವಾಸನೆ, ನೆಲದ ತುಂಬ ಹಾವಿನ ಹಾಗೆ ವೈರು. ಇಬ್ಬರು ಗಿಟಾರಿನವರು, ಒಬ್ಬ ಬೇಸಿನವನು, ಎಲ್ಲರಿಗೂ ಮೀಸೆ ಮೂಡಿ ಎರಡು ದಿನವಾದ ಹಾಗಿತ್ತು. ಡ್ರಮ್ಮಿನ ಹಿಂದೆ ಒಬ್ಬಳು ಹುಡುಗಿ. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ಕೂದಲನ್ನು ಪೆನ್ಸಿಲಿನಿಂದ ಸಿಕ್ಕಿಸಿಕೊಂಡಿದ್ದಳು. ಮುಂದೆ ಒಂದು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಕಾಗದ. ಪಂಕಿಗೆ ಕಾಗದ. ನನಗೆ ಆಗಲೇ ಅರ್ಧ ಸಮಾಧಾನವಾಯಿತು.

ನನ್ನನ್ನು ಕಂಡದ್ದೇ ಎದ್ದು ಓಡಿ ಬಂದಳು. "ಅಂಕಲ್, ನಮಸ್ಕಾರ. ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಅಕ್ಕನ ಪ್ರಾಣ ತಿಂತಿದ್ದೆ."

ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು ಇವಳಿಗೆ ಅಕ್ಕನಂತೆ, ನಾನು ಅಂಕಲ್ಲಂತೆ. ಹಾಗೆ ಲೆಕ್ಕ ಹಾಕಿದರೆ ನಾನು ನನ್ನ ಅಕ್ಕನಿಗೇ ಚಿಕ್ಕಪ್ಪನಾಗುತ್ತೇನೆ. ಅಕ್ಕ ಎಂಬ ಪದವನ್ನು ನಾನು ಮಾತು ಕಲಿತಾಗಿನಿಂದ ಬಳಸುತ್ತ ಬಂದಿದ್ದೇನೆ. ಇವಳು ಮೂರು ತಿಂಗಳಲ್ಲಿ ಎತ್ತಿಕೊಂಡುಬಿಟ್ಟಿದ್ದಳು.

"ಕಂದಾ, ಅವನಿಗೆ ಕೂರೋಕೆ ಕುರ್ಚಿ ಕೊಡು" ಎಂದಳು ಅಕ್ಕ. ಕಂದಾ. ನನ್ನನ್ನು ಅವಳು ಕರೆಯುತ್ತಿದ್ದುದು ಕತ್ತೆ ಎಂದು.

ಕುರ್ಚಿ ಬಂತು. ಅಕ್ಕ ಎದುರಿಗೆ ನಿಂತು ಜಾಕೆಟ್ಟಿನ ತೋಳು ಮಡಿಸಿಕೊಂಡಳು. ನಾನು ಚೀಲದ ಬಾಯಿಗೆ ಕೈ ಹಾಕಿದ್ದೆ.

"ನಿನ್ನ ಹಳೇ ಸ್ನೇರ್ ಡ್ರಮ್ ಇದ್ಯಲ್ಲ, ಅದೇ, ಮಂಡಿ ಮಧ್ಯ ಇಟ್ಕೊಳ್ಳೋದು, ಅಂಚು ನಗ್ಗಿರೋದು. ಅದು ಬೇಕಿತ್ತು ಕಣೋ. ರೆಕಾರ್ಡಲ್ಲಿರೋ ಸದ್ದು ಬೇರೆ ಯಾವುದ್ರಲ್ಲೂ ಬರಲ್ವಂತೆ, ಇವಳು ಒಂದೇ ಹಟ. ಭಾನುವಾರಕ್ಕೆ ಕೊಡ್ತೀಯಾ?"

ಡ್ರಮ್ಮು ಬೇಕು. ನಾನು ಬೇಡ. ಮನೆಗೆ ಬಂದು ಎಮ್ಮೆ ಹೊಡೆದುಕೊಂಡು ಹೋಗುತ್ತೇವೆ, ಹಗ್ಗ ನೀನಿಟ್ಟುಕೋ ಎಂದ ಹಾಗಾಯಿತು. ಚೀಲದಿಂದ ಕೈ ತೆಗೆದೆ. ಅವಸರದಲ್ಲಿ ಸ್ಟಿಕ್ಕುಗಳ ತುದಿ ಹೊರಗೆ ಚಾಚಿಕೊಂಡಿತು. ಅಕ್ಕ ಅದನ್ನು ನೋಡಿದಳು. ನೋಡಿ, ಮೈಕಿನ ಕಡೆ ತಿರುಗಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಚರ್ಮ ಬದಲಾಯಿಸ್ಬೇಕು" ಎಂದೆ. "ಭಾನುವಾರ ನಾನೇ ತರ್ತೀನಿ." ಚರ್ಮಕ್ಕೆ ಏನೂ ಆಗಿರಲಿಲ್ಲ. ಭಾನುವಾರ ಒಳಗೆ ಬರಲು ನನಗೊಂದು ನೆಪ ಬೇಕಿತ್ತು.

ಬಾರಿಸತೊಡಗಿದರು. ನಾನು ತಪ್ಪು ಹುಡುಕುತ್ತ ಕೂತೆ. ಸಿಗಲಿಲ್ಲ. ನಾವು ನಾಲ್ವರು ಗುಡ್ಡದಿಂದ ಉರುಳುವ ಡಬ್ಬಗಳ ಹಾಗಿದ್ದೆವು. ಇವರು ನಾಲ್ಕು ಚಕ್ರದ ಹಾಗಿದ್ದರು. ಎರಡನೆಯ ಹಾಡು 'ಸಾಲಿನಲ್ಲಿ ನಿಲ್ಲು'. ಅದರ ಮೂರನೆಯ ಚರಣದಲ್ಲಿ ಹುಡುಗಿ ಎಂಟು ಏಟಿನ ಜಾಗದಲ್ಲಿ ಏಳು ಹೊಡೆದಳು, ಎಲ್ಲರೂ ಅವಳ ಜೊತೆ ಏಳಕ್ಕೇ ತಿರುಗಿದರು. ರೆಕಾರ್ಡಿನಲ್ಲಿ ಅದು ಹಾಗೇ ಇದೆ. ಯಾಕೆ ಹಾಗಿದೆ ಎಂದರೆ ಆ ದಿನ ನನ್ನ ಕೈ ಬೆವರಿ ಒಂದು ಸ್ಟಿಕ್ಕು ಜಾರಿ ಬಿತ್ತು, ಒಂದು ಏಟು ತಪ್ಪಿತು. ಇನ್ನೊಮ್ಮೆ ಮಾಡಲು ಸ್ಟುಡಿಯೋದವನು ಬಿಡಲಿಲ್ಲ. ಈ ಹುಡುಗಿ ನನ್ನ ಬೆವರನ್ನೂ ಕಾಗದದ ಮೇಲೆ ಬರೆದುಕೊಂಡಿದ್ದಳು.

"ಅಂಕಲ್, ಆ ಏಳು ಏಟಿನ ತಿರುವು ಇದ್ಯಲ್ಲ, ಅದನ್ನ ಹೇಗೆ ಯೋಚ್ನೆ ಮಾಡಿದ್ರಿ?" ಎಂದು ಕೇಳಿದಳು ಹಾಡು ಮುಗಿದ ಮೇಲೆ.

"ಅದು ಹಾಗೇ ಬಂತಮ್ಮ, ಒಳಗಿಂದ" ಎಂದೆ.

ಅಕ್ಕ ನೀರು ಕುಡಿಯುತ್ತಿದ್ದಳು. ಕೆಮ್ಮಿದಳು.

ಕೊನೆಗೆ 'ಕರೆಂಟ್ ಹೋಯ್ತು' ಬಂತು. ನಾನು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡೆ, ಅಕ್ಕನ ಕಾಲು ಕಾಣುವ ಹಾಗೆ. ಎಲ್ಲ ನಿಂತಿತು. ಮಕ್ಕಳು ನೆಲ ನೋಡಿಕೊಂಡು ಒಳಗೊಳಗೇ ಎಣಿಸುತ್ತಿದ್ದರು. ಎಂಟಾಯಿತು, ನಾಲ್ವರೂ ಒಟ್ಟಿಗೆ ಬಿದ್ದರು. ಅಕ್ಕನ ಗಲ್ಲ ಆಗಷ್ಟೇ ಹಿಂದಕ್ಕೆ ತಿರುಗಿತ್ತು, ಹಿಮ್ಮಡಿ ಆಗಷ್ಟೇ ಎದ್ದಿತ್ತು. ಅವಳು ಬಂದದ್ದು ಹತ್ತಕ್ಕೋ ಹನ್ನೊಂದಕ್ಕೋ. ಹಾಡು ಸಂತೆಯಾಯಿತು. ಮತ್ತೆ ಮಾಡಿದರು, ಮತ್ತೆ ಅದೇ. ಮೂರನೆಯ ಸಲವೂ ಅದೇ.

"ಅಕ್ಕಾ, ಎಂಟು" ಎಂದಳು ಹುಡುಗಿ ಮೆಲ್ಲಗೆ.

"ಗೊತ್ತು ಕಂದಾ, ಗೊತ್ತು. ಹಾಳಾದ ಅಭ್ಯಾಸ" ಎಂದಳು ಅಕ್ಕ, ಹಣೆ ಒರೆಸಿಕೊಳ್ಳುತ್ತ.

ನನ್ನ ಹೊಟ್ಟೆಯೊಳಗೆ ಹಾಲು ಕುಡಿದಷ್ಟು ತಂಪಾಯಿತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಗದ ಬಿಡಮ್ಮ, ಹಿಮ್ಮಡಿ ನೋಡು. ನಾಲ್ಕೇ ಪದ. ಹೇಳಲಿಲ್ಲ. ಹೊಸ ಚಪ್ಪಲಿ ಕಚ್ಚುತ್ತದೆ, ಕಚ್ಚಲಿ ಎಂದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತೆ. ಭಾನುವಾರ ಅಷ್ಟು ಜನರ ಎದುರು ಎಡವಿದ ಮೇಲೆ ಅಕ್ಕ ತಾನಾಗಿ ಫೋನು ಮಾಡುತ್ತಾಳೆ ಎಂದು ನನಗೆ ಖಾತ್ರಿಯಿತ್ತು.

ಎರಡು ದಿನ ಬಹಳ ಚೆನ್ನಾಗಿದ್ದೆ. ಶನಿವಾರ ಹಲ್ಲಿನ ಡಾಕ್ಟರು ಕ್ಲಚ್ಚು ಬಿಡಲು ಮರೆತರೂ ಬೈಯಲಿಲ್ಲ. ಮನೆಯಲ್ಲಿ ಶಿಳ್ಳೆ ಹಾಕಿಕೊಂಡು ಸ್ನೇರಿನ ಅಂಚನ್ನು ಪುಡಿ ಹಾಕಿ ಉಜ್ಜಿದೆ.

"ಏನ್ರೀ, ಇಷ್ಟು ಖುಷಿ?" ಎಂದಳು ಹೆಂಡತಿ.

ಗುಟ್ಟನ್ನು ಅವತ್ತು ಮೊದಲ ಬಾರಿಗೆ ಬಾಯಿಬಿಟ್ಟೆ. ಹಿಮ್ಮಡಿಯ ಕಥೆ ಪೂರ್ತಿ ಹೇಳಿದೆ.

"ಅಂದ್ರೆ ನಿಮ್ಮ ಅಕ್ಕ ನಾಳೆ ಬಿದ್ದು ಮಾನ ಕಳ್ಕೊಳ್ಲಿ ಅಂತ ಕಾಯ್ತಿದ್ದೀರ."

"ಅಕ್ಕ ಅಲ್ಲ. ಆ ಹುಡುಗಿ."

"ಪೋಸ್ಟರ್ ಮೇಲೆ ಹೆಸರು ಯಾರ್ದು?"

ಉಜ್ಜುವುದನ್ನು ಮುಂದುವರಿಸಿದೆ. ಶಿಳ್ಳೆ ಮಾತ್ರ ನಿಂತಿತು.

ಭಾನುವಾರ ಮೂರು ಗಂಟೆಗೇ ಕಾರ್ಯಕ್ರಮದ ಹಾಲಿಗೆ ಹೋದೆವು. ಅದು ಹಿಂದೆ ಗಿರಣಿಯ ಉಗ್ರಾಣವಾಗಿದ್ದ ಕಟ್ಟಡ, ಮಾಡಿನ ಗಾಜಿನಿಂದ ಬಿಸಿಲು ಬೀಳುತ್ತಿತ್ತು. ಆಗಲೇ ಐನೂರು ಜನರಿದ್ದರು. ನಮ್ಮ ಕಾಲದಲ್ಲಿ ಐವತ್ತು ಜನ ಬಂದರೆ ಅದರಲ್ಲಿ ಹತ್ತು ಜನ ಪೊಲೀಸರು. ಹೆಂಡತಿ ಮುಂದಿನ ಸಾಲಿಗೆ ಹೋದಳು, ನಾನು ಡ್ರಮ್ಮು ಹೊತ್ತು ಹಿಂದಿನ ಕೋಣೆಗೆ ಹೋದೆ. ಹುಡುಗಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಂಚಿನ ನಗ್ಗಿನ ಮೇಲೆ ಹೆಬ್ಬೆರಳು ಸವರಿದಳು. ಬೆರಳಿನಲ್ಲಿ ಒಮ್ಮೆ ತಟ್ಟಿ, ಕಿವಿ ಹತ್ತಿರ ತಂದು ಕೇಳಿ, ನಕ್ಕಳು. ನನ್ನ ಮೊಮ್ಮಗುವನ್ನು ಯಾರೋ ಅಪರಿಚಿತರು ಎತ್ತಿಕೊಂಡು ಆಡಿಸಿದ ಹಾಗಿತ್ತು. ಅದು ಅಳಲಿಲ್ಲ, ಅದೇ ನನಗೆ ಸಂಕಟ.

"ಅಂಕಲ್, ಒಂದು ಕೇಳ್ಲಾ? ಕೊನೇ ಹಾಡಲ್ಲಿ ಎಲ್ಲ ನಿಲ್ಲುತ್ತಲ್ಲ, ಅಲ್ಲಿ ನೀವು ಅಕ್ಕನ್ನ ಹೇಗೆ ಹಿಡೀತಿದ್ರಿ?"

ನೇರವಾಗಿ ಕೇಳಿದಳು. ಹೆಂಡತಿಯ ಮಾತು ಮನಸ್ಸಿಗೆ ಬಂತು. ಬಂದು ಹೋಯಿತು.

"ಅದೆಲ್ಲ ಅನುಭವದಿಂದ ಬರೋದಮ್ಮ. ಹೇಳ್ಕೊಟ್ರೆ ಬರಲ್ಲ."

ಇಪ್ಪತ್ತು ವರ್ಷ ಹೇಳಿಕೊಟ್ಟು ಹೊಟ್ಟೆ ಹೊರೆದವನ ಬಾಯಲ್ಲಿ ಬಂದ ಮಾತು ಇದು. ಹುಡುಗಿ ತಲೆಯಾಡಿಸಿ, "ಸರಿ ಅಂಕಲ್, ಥ್ಯಾಂಕ್ಸ್" ಎಂದು ಹೋದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ.

ನಾನು ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ನಿಂತೆ. ಅಕ್ಕ ಬಂದಳು, ಮೈಕನ್ನು ಕತ್ತು ಹಿಡಿದ ಹಾಗೆ ಹಿಡಿದಳು. ಅರವತ್ತನಾಲ್ಕು ವರ್ಷದ ಗಂಟಲು, ಮೊದಲಿನ ಎತ್ತರಕ್ಕೆ ಹೋಗುತ್ತಿರಲಿಲ್ಲ, ಆದರೆ ಕೆಳಗೆ ಮೊದಲಿಲ್ಲದ ಒಂದು ಗರಗರ ಬಂದಿತ್ತು. ನನ್ನ ಡ್ರಮ್ಮು ಹುಡುಗಿಯ ಮಂಡಿಯ ನಡುವೆ ಕೂತು ನಾನು ಬಾರಿಸುತ್ತಿದ್ದುದಕ್ಕಿಂತ ಚೆನ್ನಾಗಿ ನುಡಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ನುಡಿಯಿತು. ಐನೂರು ಜನ ಅವಳ ಏಟಿಗೆ ಕುಪ್ಪಳಿಸುತ್ತಿದ್ದರು. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ನನ್ನ ಕೈಗಳು ಪ್ಯಾಂಟಿನ ಜೇಬಿನಲ್ಲಿ ಸುಮ್ಮನಿರಲಾರದೆ ತೊಡೆ ತಟ್ಟುತ್ತಿದ್ದವು. ಈ ಜಾಗದಲ್ಲಿ ಕೂತಿರಬೇಕಾದವನು ನಾನು ಎಂದು ಒಂದೊಂದು ಏಟಿಗೂ ಅನ್ನಿಸುತ್ತಿತ್ತು.

'ಕರೆಂಟ್ ಹೋಯ್ತು' ಶುರುವಾಯಿತು. ನಾನು ಬಗ್ಗಿ ಅಕ್ಕನ ಎಡಗಾಲನ್ನೇ ನೋಡಿದೆ. ಎಲ್ಲ ನಿಂತಿತು. ಐನೂರು ಜನರ ಉಸಿರೂ ನಿಂತಿತು. ಒಂದು, ಎರಡು, ಮೂರು. ಅಕ್ಕನ ಗಲ್ಲ ತಿರುಗಲಿಲ್ಲ. ಐದು, ಆರು. ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿತ್ತು. ಎತ್ತು ಅಕ್ಕ, ಎತ್ತು ಎಂದು ನನ್ನ ಒಳಗೇ ಯಾರೋ ಹೇಳಿದರು. ಅದು ಅವಳು ಬೀಳಲಿ ಎಂದು ಕಾಯುತ್ತಿದ್ದವನ ದನಿಯಲ್ಲ. ಏಳು. ಅಕ್ಕ ಸಭೆಯನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಎಂಟಕ್ಕೆ ಅವಳ ಬಾಯಿ ತೆರೆಯಿತು, ಆ ನಾಲ್ವರೂ ಅದೇ ಕ್ಷಣಕ್ಕೆ ಬಿದ್ದರು. ಗೋಡೆಗೆ ಗೋಡೆ ಬಡಿದ ಹಾಗಾಯಿತು. ಮಾಡಿನ ಗಾಜು ಗುಯ್ಯೆಂದಿತು.

ನಾನು ಪರದೆ ಹಿಡಿದುಕೊಂಡು ನಿಂತಿದ್ದೆ. ಇಪ್ಪತ್ತೊಂದು ವರ್ಷದಲ್ಲಿ ಆ ಹಾಡು ಒಂದು ದಿನವೂ ಹಾಗೆ ಬಂದಿರಲಿಲ್ಲ.

ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಅಕ್ಕ ಬೂಟು ಕಳಚಿ, ಎರಡೂ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡು ಕೂತಿದ್ದಳು. ಬೆವರಿ ತೊಪ್ಪೆಯಾಗಿದ್ದಳು. ಮಕ್ಕಳು ಹೊರಗೆ ಸಾಮಾನು ಬಿಚ್ಚುತ್ತಿದ್ದರು.

"ಅಕ್ಕಾ, ಹಿಮ್ಮಡಿ ಎತ್ತಲಿಲ್ಲ ನೀನು" ಎಂದೆ.

ಅವಳು ನನ್ನನ್ನು ನೋಡಿದಳು. "ನಿನಗೆ ನೆನಪಿದ್ಯಾ ಅದು?"

"ನೆನಪಾ? ಅದನ್ನ ನೋಡ್ಕೊಂಡೇ ಅಲ್ವಾ ಬಾರಿಸ್ತಿದ್ದಿದ್ದು. ನಿನಗೆ ಎಣಿಸೋಕೆ ಬರಲ್ಲ ಅಂತ ನಾನು..."

"ನನಗೆ ಎಣಿಸೋಕೆ ಬರಲ್ವಾ?" ಅಕ್ಕ ಕಾಲು ಕೆಳಗಿಳಿಸಿದಳು. "ಮೂವತ್ತೈದು ವರ್ಷ ಜನರ ನಾಡಿ ಎಣಿಸಿದೋಳು ಕಣೋ ನಾನು. ನೀನು ಹುಟ್ಟಾ ಎಂಟು ಎಣಿಸಿದೋನಲ್ಲ. ಏಳಕ್ಕೆ ಒಂದಿನ ಹೊಡೀತಿದ್ದೆ, ಒಂಬತ್ತಕ್ಕೆ ಒಂದಿನ. ಆ ಇಬ್ಬರು ನಿನ್ನ ಕೈ ನೋಡ್ಕೊಂಡು ಹಳ್ಳಕ್ಕೆ ಬೀಳ್ತಿದ್ರು. ಎಷ್ಟು ಸಲ ಹೇಳ್ಲಿ, ಹೇಳಿದ್ರೆ ಮುಖ ಊದಿಸ್ಕೋತಿದ್ದೆ. ಅದಕ್ಕೆ ಕಾಲಲ್ಲಿ ಸನ್ನೆ ಮಾಡೋಕೆ ಶುರು ಮಾಡ್ದೆ. ನೀನು ಈ ಕಡೆ ನೋಡ್ತಿದ್ದೀಯಾ ಅಂತ ಓರೆಗಣ್ಣಲ್ಲಿ ನೋಡೋದು, ನೋಡಿದ ಮೇಲೆ ಎತ್ತೋದು. ಒಂದೊಂದಿನ ನೀನು ಬೆವರು ಒರೆಸ್ತಾ ಕೂತಿರ್ತಿದ್ದೆ, ನಾನು ಹದಿನೈದರ ತನಕ ಕಾದಿದ್ದೀನಿ."

ಡಾಕ್ಟರ ಕಾಲ ಕೆಳಗಿನ ಬ್ರೇಕಿಗೂ ನನ್ನ ಕಾಲ ಕೆಳಗಿನದಕ್ಕೂ ಇರುವ ವ್ಯತ್ಯಾಸ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತೊಂದು ವರ್ಷ ನಾನು ಕಲಿಯುವವನ ಸೀಟಿನಲ್ಲಿ ಕೂತು, ನಾನೇ ನಿಲ್ಲಿಸಿದೆ ನಾನೇ ನಿಲ್ಲಿಸಿದೆ ಎಂದು ಬೀಗಿದ್ದೆ.

"ಈ ಅಭ್ಯಾಸ ಬಿಡೋಕೆ ಎರಡು ತಿಂಗಳು ಆ ಹುಡುಗಿ ಹತ್ರ ಬೈಸ್ಕೊಂಡೆ" ಎಂದಳು ಅಕ್ಕ. "ನಿನ್ನೆ ಇಡೀ ದಿನ ಅಡುಗೆಮನೇಲಿ ನಿಂತು ಹಿಮ್ಮಡಿ ಊರಿ ಎಣಿಸಿದ್ದೀನಿ."

"ಅದಕ್ಕೇ ನನ್ನ ಕರೀಲಿಲ್ವಾ?"

ಅಕ್ಕ ಟವಲಿನಲ್ಲಿ ಮುಖ ಒರೆಸಿಕೊಂಡಳು. ಒರೆಸಿಕೊಳ್ಳಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

"ಇಪ್ಪತ್ತೊಂದು ವರ್ಷ ಒಂದು ಕಣ್ಣು ಹಿಂದೆ ಇಟ್ಕೊಂಡೇ ಹಾಡಿದ್ದೀನಿ. ಸಾಯೋದ್ರೊಳಗೆ ಒಂದ್ಸಲ ಎರಡೂ ಕಣ್ಣು ಮುಂದೆ ಇಟ್ಟು ಹಾಡೋಣ ಅನ್ನಿಸ್ತು. ಫೋನಲ್ಲಿ ಹೇಗೋ ಹೇಳ್ಲಿ ಅದನ್ನ? ನೀನು ಚೀಲದಲ್ಲಿ ಸ್ಟಿಕ್ ಬೇರೆ ಇಟ್ಕೊಂಡು ಬಂದಿದ್ದೆ."

ಸಿಟ್ಟು ಮಾಡಿಕೊಳ್ಳಲು ಕಾರಣ ಹುಡುಕಿದೆ, ಸಿಗಲಿಲ್ಲ. ಹೋಗ್ತೀನಿ ಎಂದು ಹೊರಗೆ ಬಂದೆ.

ಹುಡುಗಿ ಸ್ನೇರ್ ಡ್ರಮ್ಮನ್ನು ತನ್ನ ಶಾಲಿನಲ್ಲಿ ಸುತ್ತಿಕೊಂಡು ನನ್ನನ್ನೇ ಹುಡುಕುತ್ತಿದ್ದಳು. "ಅಂಕಲ್, ತಗೊಳ್ಳಿ. ಜೋಪಾನವಾಗಿ ನೋಡ್ಕೊಂಡಿದ್ದೀನಿ."

ತೆಗೆದುಕೊಳ್ಳಲು ಕೈ ಚಾಚಿದವನು ಚಾಚಿದಂತೆಯೇ ಹೇಳಿದೆ. "ಆ ಏಳು ಏಟಿನ ತಿರುವು ಇದ್ಯಲ್ಲಮ್ಮ, ಅದು ಒಳಗಿಂದ ಬಂದಿದ್ದಲ್ಲ. ಸ್ಟಿಕ್ ಕೈ ಜಾರಿತ್ತು."

ಅವಳು ತುಟಿ ಕಚ್ಚಿ ನಗು ತಡೆದಳು. "ಗೊತ್ತು ಅಂಕಲ್. ಅಕ್ಕ ಮೊದಲ್ನೇ ದಿನಾನೇ ಹೇಳಿದ್ರು. ನಿಮ್ಮ ಬಾಯಲ್ಲಿ ಹೇಗೆ ಬರುತ್ತೆ ನೋಡೋಣ ಅಂತ ಕೇಳ್ದೆ."

"ಗೊತ್ತಿದ್ದೂ ಹಾಗೇ ಬಾರಿಸ್ತೀರ?"

"ನಾನು ಸರಿ ಮಾಡಿ ಎಂಟು ಬರ್ಕೊಂಡಿದ್ದೆ. ಅಕ್ಕ ಕಾಗದ ತಗೊಂಡು ಹೊಡೆದು ಹಾಕಿ ಏಳು ಅಂತ ಬರೆದ್ರು. 'ಕೊನೇ ಹಾಡು ನಿಮ್ಮದು, ಎಂಟಕ್ಕೇ ಬರ್ತೀನಿ. ಇದೊಂದು ನನ್ನ ತಮ್ಮಂದು, ಇದನ್ನ ಮುಟ್ಬೇಡಿ' ಅಂದ್ರು."

ಸ್ವಲ್ಪ ಹೊತ್ತು ನನಗೆ ಅವಳ ಮುಖ ಸರಿಯಾಗಿ ಕಾಣಿಸಲಿಲ್ಲ. ಶಾಲಿನಲ್ಲಿ ಸುತ್ತಿದ ಡ್ರಮ್ಮನ್ನು ಅವಳ ಕಡೆಗೇ ತಳ್ಳಿದೆ. "ನಿನ್ನ ಹತ್ರಾನೇ ಇರ್ಲಿ. ಚರ್ಮ ಚೆನ್ನಾಗೇ ಇದೆ, ಬದಲಾಯಿಸ್ಬೇಡ" ಎಂದೆ.

ಕಾರಿನ ಹತ್ತಿರ ಹೋಗಿ ಬಾಗಿಲು ತೆಗೆದು ಕೂತೆ. ಕೂತ ಮೇಲೆ ಎದುರಿಗೆ ಸ್ಟೀರಿಂಗ್ ಇಲ್ಲವೆಂದು ಗೊತ್ತಾಯಿತು. ಅಭ್ಯಾಸದಲ್ಲಿ ಮೇಷ್ಟ್ರ ಸೀಟಿಗೇ ಬಂದಿದ್ದೆ. ಎದ್ದು ಆ ಕಡೆ ಹೋಗಲು ಮನಸ್ಸಾಗಲಿಲ್ಲ. ಹೆಂಡತಿ ಕುಣಿದು ಸುಸ್ತಾಗಿ ಬಂದಳು, ಕಿಟಕಿಯಲ್ಲಿ ಬಗ್ಗಿ ನೋಡಿದಳು, ಸುತ್ತಿ ಹೋಗಿ ಸ್ಟೀರಿಂಗಿನ ಮುಂದೆ ಕೂತಳು.

"ಡ್ರಮ್ ಎಲ್ಲಿ?"

"ಆ ಹುಡುಗಿ ಹತ್ರ."

ಅವಳು ನನ್ನ ಕಡೆ ಒಮ್ಮೆ ನೋಡಿ ಕೀಲಿ ತಿರುಗಿಸಿದಳು. "ಹೊಟ್ಟೆಕಿಚ್ಚು ಆರಿತಾ?"

"ಇಲ್ಲ" ಎಂದೆ.

"ಸರಿ. ಬೆಲ್ಟ್ ಹಾಕ್ಕೊಳ್ಳಿ" ಎಂದು ಗಾಡಿ ಹಿಂದಕ್ಕೆ ತೆಗೆಯತೊಡಗಿದಳು. ಹಿಂದೆ ಗೋಡೆಯಿತ್ತು, ಗೋಡೆಯ ಮೇಲೆ ಅಕ್ಕ ಇದ್ದಳು. ನಾನು ಎರಡೂ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂತೆ. ಅವಳು ಸರಿಯಾದ ಜಾಗಕ್ಕೇ ನಿಲ್ಲಿಸಿದಳು.